ವಿರಾಜಪೇಟೆಯಲ್ಲಿ ವಸಡಿನ ಡೀಪ್ ಕ್ಲೀನಿಂಗ್: ನಾಲ್ಕು ಸಲ ಹೋಗಿ ಬಂದ ತೋಟದ ರೈಟರ್ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ. ಹೊಗಳುವುದೇ ಜಾಸ್ತಿ ಇದೆ, ಆದರೆ ದೂರುವ ಎರಡು ಮಾತೂ ಇವೆ. ನಮ್ಮದು ಚಿಕ್ಕ ಪೇಟೆ. ನಾಳೆ ಮತ್ತೆ ಅದೇ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಬೇಕಾದವನು ನಾನು.

ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ 26 ವರ್ಷದಿಂದ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು, ಆಗಿದ್ದೇನೆ. ವಯಸ್ಸು 53. ಶುಗರ್ ಬಂದು ಒಂಬತ್ತು ವರ್ಷ. ಎಲೆಅಡಿಕೆ, ಜೊತೆಗೆ ಹೊಗೆಸೊಪ್ಪು, ಇವು ಶುಗರ್‌ಗಿಂತ ಹಳೆಯ ಗೆಳೆಯರು. ಎಲೆಅಡಿಕೆ ಹಾಕುವವನಿಗೆ ಒಂದು ತೊಂದರೆ ಇದೆ. ಅವನ ಉಗುಳು ಯಾವಾಗಲೂ ಕೆಂಪೇ. ಅದರಲ್ಲಿ ಅಡಿಕೆ ಎಷ್ಟು, ರಕ್ತ ಎಷ್ಟು ಅಂತ ಯಾರು ನೋಡುತ್ತಾರೆ? ಬೆಳಗ್ಗೆ ಹಲ್ಲುಜ್ಜುವಾಗ ಬೇಸಿನ್ ಕೆಂಪಾಗುತ್ತಿತ್ತು. ಬ್ರಷ್ ಗಟ್ಟಿಯಾಯಿತೇನೋ ಅಂದುಕೊಂಡು ಮೆತ್ತನೆಯದು ತಂದೆ. ಆಮೇಲೂ ಕೆಂಪಾಗುತ್ತಿತ್ತು. ಸುಮ್ನೆ ನೀರು ಬಿಟ್ಟು ತೊಳೆದುಬಿಡುತ್ತಿದ್ದೆ. ನಮ್ಮ ಕಡೆ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಕುಡಿದರೆ ಮಾರನೇ ದಿನ ಮೂತ್ರ ಕೆಂಪಾಗುತ್ತದೆ. ಕಂಡರೆ ಖುಷಿ, ಮದ್ದು ಹಿಡಿಯಿತು ಅಂತ. ಬಾಯಿಯ ಕೆಂಪನ್ನೂ ನಾನು ಹೆಚ್ಚು ಕಡಿಮೆ ಅದೇ ಸಾಲಿಗೆ ಸೇರಿಸಿಬಿಟ್ಟಿದ್ದೆ.

ಎರಡು ವರ್ಷದ ಹಿಂದೆ ಒಂದು ಸಲ ಹಲ್ಲು ಕ್ಲೀನ್ ಮಾಡಿಸಿದ್ದೆ. ಇದು ಬೇರೆ ಪೇಟೆಯ ಬೇರೆ ಕ್ಲಿನಿಕ್. ಹದಿನೈದು ನಿಮಿಷ ಗುಂಯ್ ಅಂತ ಮೆಷಿನ್ ಓಡಿಸಿದರು, ಹಲ್ಲು ಬಿಳಿಯಾಯಿತು, ಎಂಟುನೂರು ರೂಪಾಯಿ, ನಮಸ್ಕಾರ. ನಿಮಗೆ ಶುಗರ್ ಇದೆಯಾ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಲ್ಲಿಗೂ ಶುಗರ್‌ಗೂ ಏನು ಸಂಬಂಧ ಅಂತ ನನಗೆ ಹೇಗೆ ಗೊತ್ತಾಗಬೇಕು? ಮೂರು ತಿಂಗಳಲ್ಲಿ ಬೇಸಿನ್ ಮತ್ತೆ ಕೆಂಪು.

ಕಥೆ ತಿರುಗಿದ್ದು ಈ ವರ್ಷ ಮೇ ಕೊನೆಯಲ್ಲಿ. ಮೂರು ತಿಂಗಳ ಶುಗರ್, ಅಂದರೆ ಎಚ್‌ಬಿಎ1ಸಿ, 8.6 ಬಂತು. ಅದರ ಹಿಂದಿನದು 8.4. ಅನ್ನ ಕಡಿಮೆ ಮಾಡಿದ್ದೆ, ಮಾತ್ರೆ ಒಂದು ದಿನ ತಪ್ಪಿಸಿಲ್ಲ, ನಡಿಗೆಯಂತೂ ತೋಟದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಶುಗರ್ ನೋಡುವ ಡಾಕ್ಟರ್ ರಿಪೋರ್ಟ್ ಕೆಳಗಿಟ್ಟು, ‘ಹಲ್ಲುಜ್ಜುವಾಗ ರಕ್ತ ಬರುತ್ತಾ?’ ಅಂತ ಕೇಳಿದರು. ಬರುತ್ತೆ ಸಾರ್, ಬಹಳ ವರ್ಷದಿಂದ ಅಂದೆ. ‘ಮಾತ್ರೆ ಈಗಲೇ ಜಾಸ್ತಿ ಮಾಡೋದಿಲ್ಲ. ಮೊದಲು ವಸಡು ತೋರಿಸಿಕೊಂಡು ಬನ್ನಿ’ ಅಂದರು. ಒಂಬತ್ತು ವರ್ಷದಲ್ಲಿ ಕಣ್ಣು ತೋರಿಸಿ, ಕಿಡ್ನಿ ನೋಡಿಸಿ, ಪಾದ ನೋಡಿಕೊಳ್ಳಿ ಅಂತ ಎಲ್ಲರೂ ಹೇಳಿದ್ದರು. ಬಾಯಿ ತೋರಿಸಿ ಅಂದದ್ದು ಇವರೊಬ್ಬರೇ.

ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ, ನಮ್ಮ ತೋಟದ ಲೈನ್ ಮನೆಗಳಲ್ಲಿರುವ ಕೆಲಸಗಾರರು ಹಲ್ಲು ಕೀಳಿಸಲು ಅಲ್ಲಿಗೇ ಹೋಗುವುದು. ನನಗೆ ಶನಿವಾರ ಮಧ್ಯಾಹ್ನ ಬಿಟ್ಟರೆ ಬಿಡುವಿಲ್ಲ. ಅದಕ್ಕೇ ಪೇಟೆಯೊಳಗಿನ ಒಂದು ಖಾಸಗಿ ಕ್ಲಿನಿಕ್ ಹಿಡಿದೆ. ವಸಡಿನದ್ದೇ ಓದಿದ ಡಾಕ್ಟರ್ ಇದ್ದಾರೆ ಅಂತ ಯಾರೋ ಹೇಳಿದರು. ಹೋಗಿ ನೋಡಿದರೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗಿ. ನಾನು ಮೇಡಂ ಅಂದೆ, ಅವರು ಅಂಕಲ್ ಅಂದರು.

ಕುರ್ಚಿ ಹತ್ತಿಸುವ ಮೊದಲೇ ಶುಗರ್ ರಿಪೋರ್ಟ್ ಕೇಳಿದರು. ನನಗೆ ಅಲ್ಲೇ ಅರ್ಧ ನಂಬಿಕೆ ಬಂತು.

ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಕೆಲಸ ಮಾಡುವವರಿಗೂ ಮಾಡದವರಿಗೂ ವ್ಯತ್ಯಾಸ ಇರುವುದೇ ಇಲ್ಲಿ. ಅವರ ಕೈಯಲ್ಲಿ ಒಂದು ಸಪೂರ ಕಡ್ಡಿ, ತುದಿ ಬಗ್ಗಿದ್ದು, ಅದರ ಮೇಲೆ ಮಿಲಿಮೀಟರ್ ಗೆರೆ. ಅದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತಾರೆ. ಎಷ್ಟು ಇಳಿಯಿತೋ ಅಷ್ಟು ಆಳದ ಸಂದು. ಒಂದು ಹಲ್ಲಿಗೆ ಆರು ಕಡೆ ಅಳತೆ: ಹೊರಗೆ ಮೂರು, ಒಳಗೆ ಮೂರು. ಮೇಡಂ ಕೂಗುತ್ತಾರೆ, ಸಹಾಯಕಿ ಬರೆದುಕೊಳ್ಳುತ್ತಾಳೆ. ‘ಮೂರು, ಎರಡು, ನಾಲ್ಕು. ನಾಲ್ಕು, ಮೂರು, ಆರು. ರಕ್ತ.’ ನಾನು ಕೊಯ್ಲಿನ ಕಾಲದಲ್ಲಿ ದಿನಾ ಸಂಜೆ ಹಣ್ಣಿನ ತೂಕ ಕೂಗಿಸಿಕೊಂಡು ಪುಸ್ತಕದಲ್ಲಿ ಏರಿಸುವವನು. ಕಣ್ಣು ಮುಚ್ಚಿ ಮಲಗಿದ್ದರೂ ತಲೆಯೊಳಗೆ ಲೆಕ್ಕ ಓಡುತ್ತಿತ್ತು. ನನಗೆ 27 ಹಲ್ಲು, ಒಟ್ಟು 162 ಅಂಕಿ. ಮೂರರವರೆಗೆ ಸರಿ, ನಾಲ್ಕರಿಂದ ಮೇಲೆ ಕಾಯಿಲೆ ಅಂತ ಮೊದಲೇ ಹೇಳಿದ್ದರು. ಕೊನೆಗೆ ಚೀಟಿ ಇಸಕೊಂಡು ಕೂಡಿದೆ. ನಾಲ್ಕು ಮತ್ತು ಅದಕ್ಕಿಂತ ಜಾಸ್ತಿ ಇದ್ದದ್ದು 71 ಕಡೆ. ಎಲ್ಲಕ್ಕಿಂತ ಆಳ 7, ಕೆಳಗಿನ ಮುಂದಿನ ಹಲ್ಲಿನ ಹತ್ತಿರ. ಆ ಹಲ್ಲು ನಾಲಿಗೆಯಲ್ಲಿ ಒತ್ತಿದರೆ ಅಲ್ಲಾಡುತ್ತಿತ್ತು. ವಯಸ್ಸು ಅಂದುಕೊಂಡಿದ್ದೆ.

ನೋವು? ಆ ಇಡೀ ವ್ಯವಹಾರದಲ್ಲಿ ಒಂದು ದಿನವೂ ನನಗೆ ಹಲ್ಲು ನೋವು ಬಂದಿರಲಿಲ್ಲ. ಮೋಸ ಇರುವುದೇ ಅಲ್ಲಿ. ನಮ್ಮ ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ಬಂದಾಗ ಎಲೆ ಜೋತು ಬಿದ್ದದ್ದು ನೋಡಿ ಓಡಿ ಹೋಗುತ್ತೇವೆ. ಅಷ್ಟೊತ್ತಿಗೆ ಬೇರು ಕೊಳೆತು ಮುಗಿದಿರುತ್ತದೆ. ಮಳೆಗೆ ಮೊದಲೇ ಬುಡಕ್ಕೆ ಬೋರ್ಡೋ ಹಾಕಿದವನಿಗೆ ಬಳ್ಳಿ ಉಳಿಯುತ್ತದೆ. ಬಾಯಲ್ಲೂ ಬುಡದ ಎಲುಬು ಕರಗಿದ ಮೇಲೇ ಹಲ್ಲು ಅಲ್ಲಾಡುವುದು. ಕರಗಿದ ಎಲುಬು ಹಾಗೆಲ್ಲ ವಾಪಸ್ ಬೆಳೆಯುವುದಿಲ್ಲ ಅಂತ ಮೇಡಂ ಎಕ್ಸ್‌ರೇ ಹಿಡಿದು ತೋರಿಸಿದರು.

ಶುಗರ್‌ಗೆ ಇದು ಹೇಗೆ ಸೇರುತ್ತದೆ? ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ವಸಡಿನ ಸಂದಿನೊಳಗೆ ಕಿಟ್ಟ ಕಲ್ಲಿನ ಹಾಗೆ ಅಂಟಿಕೊಂಡಿರುತ್ತದೆ. ಅದರ ಮೇಲೆ ರೋಗಾಣುಗಳ ಮನೆ. ಮೈ ಅವುಗಳ ಜೊತೆ ದಿನಾ ಜಗಳವಾಡುತ್ತದೆ, ವಸಡು ಊದಿಕೊಂಡೇ ಇರುತ್ತದೆ. ಈ ಉರಿಯೂತದಲ್ಲಿ ಹುಟ್ಟುವ ರಾಸಾಯನಿಕಗಳು ವಸಡಿನಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೆ ಇಳಿಯುತ್ತವೆ. ಅಲ್ಲಿ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ಇನ್ಸುಲಿನ್ ಇದ್ದರೂ ಅದರ ಮಾತು ನಡೆಯುವುದಿಲ್ಲ. ಸಕ್ಕರೆ ಏರುತ್ತದೆ. ಸಕ್ಕರೆ ಏರಿದವನ ರಕ್ತದಲ್ಲಿ ರೋಗಾಣು ಹಿಡಿಯುವ ಬಿಳಿ ಕಣಗಳು ಸೋಮಾರಿಗಳಾಗುತ್ತವೆ, ಸಣ್ಣ ರಕ್ತನಾಳಗಳು ಕೆಡುತ್ತವೆ, ಗಾಯ ಬೇಗ ಮಾಯುವುದಿಲ್ಲ. ಆಗ ವಸಡು ಇನ್ನೂ ಕೆಡುತ್ತದೆ. ಎರಡೂ ಕಡೆಯಿಂದ ತಳ್ಳಾಟ.

ನಾನು ಅಂಕಿ ಇಲ್ಲದೆ ನಂಬುವವನಲ್ಲ. ಮೇಡಂಗೆ ಕಾಸು ಬರುವ ಮಾತು, ಅವರು ಹೇಳದೇ ಇರುತ್ತಾರಾ? ಮಗಳು ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಅವಳಿಗೆ ಹುಡುಕು ಅಂದೆ. ಎರಡು ರಾತ್ರಿ ಫೋನಿನಲ್ಲಿ ಓದಿ ಹೇಳಿದಳು. 1993ರಲ್ಲೇ ಹೆರಾಲ್ಡ್ ಲೋ ಎಂಬ ದಂತ ವಿಜ್ಞಾನಿ ವಸಡಿನ ಕಾಯಿಲೆಯನ್ನು ಸಕ್ಕರೆ ಕಾಯಿಲೆಯ ಆರನೇ ತೊಡಕು ಅಂತ ಕರೆದಿದ್ದರಂತೆ. ಕಣ್ಣು, ಕಿಡ್ನಿ, ನರ ಎಲ್ಲ ಎಣಿಸಿ ಆರನೆಯದು ಬಾಯಿ. ಶುಗರ್ ಇಲ್ಲದವರಿಗೂ ಇದು ಬಿಟ್ಟಿಲ್ಲ. ಅಮೆರಿಕದಲ್ಲಿ ಶುಗರ್ ಇಲ್ಲದ ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಷ್ಟೋ ವರ್ಷ ಹಿಂಬಾಲಿಸಿ 2008ರಲ್ಲಿ ಲೆಕ್ಕ ಪ್ರಕಟಿಸಿದರು. ಮೊದಲಿಗೇ ವಸಡು ಚೆನ್ನಾಗಿ ಕೆಟ್ಟಿದ್ದವರಿಗೆ ಆಮೇಲೆ ಶುಗರ್ ಬರುವ ಸಾಧ್ಯತೆ ಒಂದೂವರೆಯಿಂದ ಎರಡು ಪಟ್ಟಿನ ಆಸುಪಾಸಿನಲ್ಲಿತ್ತು. ‘ಅಪ್ಪ, ವಸಡೇ ಶುಗರ್ ತಂದಿತು ಅಂತ ಇದರಿಂದ ಹೇಳೋಕಾಗಲ್ಲ. ಎರಡೂ ಒಟ್ಟಿಗೆ ಬರೋ ಜನ ಇರ್ತಾರೆ, ಹೊಗೆಸೊಪ್ಪು ತಿನ್ನೋರ ಥರ’ ಅಂತ ಕೊನೆಯಲ್ಲಿ ಒಂದು ಚುಚ್ಚಿದಳು.

ನನಗೆ ಬೇಕಾಗಿದ್ದ ಅಂಕಿ ಇನ್ನೊಂದು. ಕ್ಲೀನ್ ಮಾಡಿಸಿದರೆ ಶುಗರ್ ಇಳಿಯುತ್ತಾ? 2013ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗ ಇಳಿಯಲಿಲ್ಲ ಅಂದಿತ್ತು. ಐನೂರಕ್ಕೂ ಹೆಚ್ಚು ಜನರ ಪ್ರಯೋಗ ಅದು. ಅಲ್ಲಿಗೆ ಬಿಟ್ಟುಬಿಡೋಣ ಅನ್ನಿಸಿತು ನನಗೆ, ಆರು ಸಾವಿರ ಉಳಿಯುತ್ತದಲ್ಲ. ಆದರೆ 2022ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಇಂಥ 35 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿತು. ಮೂರು ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿಯಲ್ಲಿ ಸರಾಸರಿ 0.43 ಇಳಿಕೆ, ಆರು ತಿಂಗಳಿಗೆ 0.30. ಕೇಳಲು ಚಿಲ್ಲರೆ. ಆದರೆ ಶುಗರ್ ಡಾಕ್ಟರ್ ಹತ್ತಿರ ಕೇಳಿದಾಗ, ‘ಕೆಲವರಿಗೆ ಎರಡನೇ ಮಾತ್ರೆ ಸೇರಿಸಿದಾಗ ಸಿಗೋದೂ ಹೆಚ್ಚು ಕಡಿಮೆ ಇಷ್ಟೇ’ ಅಂದರು. ಸರಿ, ಹಣ ಕಟ್ಟಿದೆ.

ನಾಲ್ಕು ಶನಿವಾರ, ಸಲಕ್ಕೆ ಬಾಯಿಯ ಕಾಲು ಭಾಗ. ಒಂದು ಭಾಗಕ್ಕೆ ಸಾವಿರದ ಇನ್ನೂರು. ಬರುವಾಗ ಊಟ ಮಾಡಿ, ಮಾತ್ರೆ ತಗೊಂಡೇ ಬನ್ನಿ ಅಂತ ಫೋನ್ ಮಾಡಿ ಹೇಳುತ್ತಿದ್ದರು. ಹಸಿದು ಬಂದರೆ ಕುರ್ಚಿಯಲ್ಲೇ ಶುಗರ್ ಇಳಿದು ಬೆವರುವವರಿದ್ದಾರಂತೆ. ಮರಗಟ್ಟುವ ಇಂಜೆಕ್ಷನ್ ಚುಚ್ಚುವಾಗ ಒಂದು ಕ್ಷಣ ಕಣ್ಣಲ್ಲಿ ನೀರು. ಆಮೇಲೆ ಸದ್ದು ಮಾತ್ರ. ಮೊದಲು ಮೆಷಿನ್, ಆಮೇಲೆ ಕೈಯಲ್ಲಿ ಹಿಡಿಯುವ ಸಣ್ಣ ಕೊಕ್ಕೆ. ಆ ಕೊಕ್ಕೆ ವಸಡಿನ ಒಳಗೆ ಹೋಗಿ ಬೇರಿನ ಮೇಲೆ ಕೆರೆಯುವ ಸದ್ದು ಕಿವಿಗೆ ಬರುವುದಿಲ್ಲ, ತಲೆಬುರುಡೆಯ ಒಳಗಿಂದಲೇ ಕೇಳುತ್ತದೆ. ಪಾತ್ರೆ ತಳದ ಸೀಕಲು ಕೆರೆದ ಹಾಗೆ. ಕೆರೆದು ಬಂದದ್ದನ್ನು ಹತ್ತಿಯ ಮೇಲೆ ಒರೆಸಿ ತೋರಿಸಿದರು. ಕಪ್ಪು ಹರಳು, ಎಳ್ಳಿನಷ್ಟು ದೊಡ್ಡದು. ಎರಡು ವರ್ಷದ ಹಿಂದಿನ ಹದಿನೈದು ನಿಮಿಷದ ಕ್ಲೀನಿಂಗ್ ಮುಟ್ಟದೇ ಬಿಟ್ಟದ್ದು ಇದನ್ನೇ. ಮೇಲೆ ಕಾಣುವುದನ್ನು ಮಾತ್ರ ಅವರು ತೆಗೆದಿದ್ದರು.

ಎರಡನೇ ಶನಿವಾರ ರಸ್ತೆ ಪಕ್ಕದ ತೋಟದಲ್ಲಿ ಆನೆ ಇದೆ ಅಂತ ವಾಟ್ಸಾಪ್‌ನಲ್ಲಿ ಬಂತು, ಒಂದು ಗಂಟೆ ತಡವಾದೆ. ಅಮ್ಮತ್ತಿಯಿಂದ ಫೋನ್ ಮಾಡಿದರೆ, ‘ಆನೆ ತಾನೇ, ಬನ್ನಿ ಅಂಕಲ್’ ಅಂದರು. ಮೂರನೇ ಶನಿವಾರ ಜುಲೈ ಮಳೆ. ಕರೆಂಟ್ ಹೋಯಿತು, ಯುಪಿಎಸ್ ಹತ್ತು ನಿಮಿಷಕ್ಕೆ ಮಲಗಿತು. ಅರ್ಧ ಮುಖ ಮರಗಟ್ಟಿಕೊಂಡು ಕತ್ತಲೆಯಲ್ಲಿ ಕೂತಿದ್ದೆ. ಸಹಾಯಕಿ ಮೊಬೈಲ್ ಟಾರ್ಚ್ ಹಿಡಿದಳು, ಮೇಡಂ ಉಳಿದದ್ದನ್ನು ಕೊಕ್ಕೆಯಲ್ಲೇ ಮುಗಿಸಿದರು. ಇಷ್ಟು ಚೆನ್ನಾಗಿ ಕೆಲಸ ಮಾಡುವ ಜಾಗದಲ್ಲಿ ಮಳೆಗಾಲಕ್ಕೆ ಒಂದು ಜನರೇಟರ್ ಬೇಡವಾ? ಕೊಡಗಿನಲ್ಲಿ ಕರೆಂಟ್ ಹೋಗುವುದು ಹೊಸ ಸುದ್ದಿಯಾ? ಇದು ನನ್ನ ಮೊದಲ ದೂರು.

ಮೌತ್‌ವಾಶ್ ಬಗ್ಗೆ ಬರೆಯಲೇಬೇಕು. ಕ್ಲೋರ್‌ಹೆಕ್ಸಿಡಿನ್, 0.2 ಶೇಕಡಾ, ಎರಡು ವಾರ. ಪೇಸ್ಟ್ ಹಾಕಿ ಉಜ್ಜಿದ ತಕ್ಷಣ ಬಳಸಬೇಡಿ, ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಪೇಸ್ಟ್ ಅದರ ಶಕ್ತಿ ಕೆಡಿಸುತ್ತೆ ಅಂತ ಹೇಳಿದ್ದರು. ಹೇಳದೇ ಬಿಟ್ಟದ್ದು ಬೇರೆ. ಒಂದು ಭಾನುವಾರ ಪಂದಿ ಕರಿಗೆ ಉಪ್ಪೇ ಹಾಕಿಲ್ಲ ಅಂತ ಹೆಂಡತಿಯ ಮೇಲೆ ರೇಗಿದೆ. ‘ನಿಮ್ಮ ನಾಲಿಗೆಗೆ ಏನಾಗಿದೆ?’ ಅಂದಳು. ನಿಜಕ್ಕೂ ಏನೋ ಆಗಿತ್ತು. ಆ ಮದ್ದು ಉಪ್ಪಿನ ರುಚಿಯನ್ನೇ ಕದಿಯುತ್ತದೆ. ಕಾಚಂಪುಳಿಯ ಹುಳಿ ಗೊತ್ತಾಗುತ್ತಿತ್ತು, ಉಪ್ಪು ಮಾತ್ರ ಇಲ್ಲ. ಇನ್ನೊಂದು, ಕಾಫಿ ಕುಡಿಯುವವರ ಹಲ್ಲಿಗೆ ಅದು ಕಂದು ಕಲೆ ಹಚ್ಚುತ್ತದೆ. ಕಾಫಿ ತೋಟದಲ್ಲಿ ಕೂತವನಿಗೆ ಈ ಮಾತು ಮೊದಲೇ ಹೇಳಬೇಕಿತ್ತು. ನಿಲ್ಲಿಸಿದ ಮೇಲೆ ರುಚಿ ವಾಪಸ್ ಬಂತು. ಕಲೆಯನ್ನು ಮುಂದಿನ ಭೇಟಿಯಲ್ಲಿ ಪಾಲಿಶ್ ಮಾಡಿ ತೆಗೆದರು. ಹೆಂಡತಿಯ ಹತ್ತಿರ ಕ್ಷಮೆ ಕೇಳಿದ್ದು ಬೇರೆ ಲೆಕ್ಕ.

ಎರಡನೇ ದೂರು ಇದಕ್ಕಿಂತ ದೊಡ್ಡದು. ಊದಿದ ವಸಡು ಇಳಿದ ಮೇಲೆ ಹಲ್ಲು ಉದ್ದ ಕಾಣುತ್ತದೆ, ನಡುವೆ ಸಂದು ಬೀಳುತ್ತದೆ, ತಣ್ಣೀರು ತಾಗಿದರೆ ಜುಂ ಅನ್ನುತ್ತದೆ. ಇದು ಯಾರೂ ಹೇಳಲಿಲ್ಲ. ಕನ್ನಡಿ ನೋಡಿ ಗಾಬರಿಯಾಗಿ ಹಲ್ಲು ಹಾಳು ಮಾಡಿಬಿಟ್ಟರು ಅಂತ ಎರಡು ದಿನ ಬೈದುಕೊಂಡೆ. ಕೇಳಿದಾಗ, ‘ಊತ ಹೋಯ್ತು ಅಂಕಲ್, ಎಲುಬು ಇಳಿದ ಜಾಗ ಈಗ ಕಾಣ್ತಿದೆ ಅಷ್ಟೆ’ ಅಂದರು. ಒಪ್ಪಿದೆ. ಆದರೆ ಇದನ್ನು ಮೊದಲ ದಿನವೇ ಹೇಳಿದ್ದರೆ ಎರಡು ದಿನದ ಬೈಗುಳ ಉಳಿಯುತ್ತಿತ್ತು. ಜುಂ ಅನ್ನುವುದು ತಿಂಗಳೊಳಗೆ ಕಡಿಮೆಯಾಯಿತು.

ಆ ಸಂದಿಗೆ ಅಂತಲೇ ಒಂದು ಪುಟ್ಟ ಬ್ರಷ್ ಕೊಟ್ಟರು. ನೋಡಲು ಹುಕ್ಕ ತೊಳೆಯುವ ಬ್ರಷ್‌ನ ಮರಿ. ಹಲ್ಲಿನ ನಡುವೆ ತೂರಿಸಿ ಹೊರಗೆಳೆಯುವುದು. ಬೇರೆ ಬೇರೆ ಅಳತೆಗೆ ಬೇರೆ ಬೇರೆ ಬಣ್ಣ. ನನಗೆ ಎರಡು ಅಳತೆ ಬೇಕಾಯಿತು, ಮುಂದಿಗೆ ಸಣ್ಣದು, ದವಡೆಗೆ ದಪ್ಪ. ದಪ್ಪದ್ದನ್ನು ಮುಂದೆ ತುರುಕಲು ಹೋಗಿ ತಂತಿ ಬಗ್ಗಿಸಿ ಎರಡು ಹಾಳು ಮಾಡಿದೆ. ಸಿದ್ದಾಪುರದ ಮೆಡಿಕಲ್‌ಗಳಲ್ಲಿ ಕೇಳಿದರೆ ಟೂತ್‌ಪಿಕ್ ತೆಗೆದುಕೊಟ್ಟರು. ಈಗ ಮಗಳು ಮೈಸೂರಿನಿಂದ ತರುತ್ತಾಳೆ. ಇಡೀ ಖರ್ಚಿನಲ್ಲಿ ಅತಿ ಅಗ್ಗದ ವಸ್ತು ಇದು, ನನ್ನ ಲೆಕ್ಕದಲ್ಲಿ ಅತಿ ಉಪಯೋಗದ್ದೂ ಇದೇ. ರಾತ್ರಿ ಮಲಗುವ ಮೊದಲು ಐದು ನಿಮಿಷ. ಮೊದಲ ವಾರ ಪ್ರತಿ ಸಲ ರಕ್ತ. ಮೂರನೇ ವಾರದಲ್ಲಿ ಬ್ರಷ್ ಬೆಳ್ಳಗೇ ಹೊರಗೆ ಬಂತು, ಹೆಂಡತಿಯನ್ನು ಕರೆದು ತೋರಿಸಿದೆ.

ಹೊಗೆಸೊಪ್ಪಿನ ವಿಷಯದಲ್ಲಿ ಮೇಡಂ ಉಪದೇಶ ಮಾಡಲಿಲ್ಲ. ‘ನಾನು ಕ್ಲೀನ್ ಮಾಡ್ತೀನಿ, ನೀವು ಅದನ್ನೇ ಮತ್ತೆ ಹಾಕ್ತೀರಿ, ನಾನು ಮತ್ತೆ ದುಡ್ಡು ತಗೋತೀನಿ. ನನಗೇನೂ ನಷ್ಟ ಇಲ್ಲ’ ಅಂದರು. ಈ ಮಾತು ಕೆಲಸ ಮಾಡಿತು. ಹೊಗೆಸೊಪ್ಪು ಬಿಟ್ಟೆ. ಬರೀ ಎಲೆಅಡಿಕೆ ಹಾಕಬಹುದಾ ಅಂದರೆ, ಅಡಿಕೆಯೊಂದೇ ಸಾಕು ಬಾಯಿಯ ಕ್ಯಾನ್ಸರ್ ತರಲು ಅಂದರು. ಅದನ್ನೂ ಬಿಡುತ್ತಿದ್ದೇನೆ. ಪೂರ್ತಿ ಬಿಟ್ಟಿದ್ದೇನೆ ಅಂತ ಬರೆದರೆ ನಮ್ಮ ತೋಟದವರು ಯಾರಾದರೂ ಓದಿ ನಕ್ಕಾರು.

ಆಗಸ್ಟ್ ಕೊನೆಯಲ್ಲಿ ಮತ್ತೆ ಅಳತೆ. ಇದಕ್ಕೆ ಬೇರೆ ಐನೂರು ಅಂತ ಆ ದಿನವೇ ಗೊತ್ತಾಗಿದ್ದು. ಒಟ್ಟು ಖರ್ಚಿನಲ್ಲಿ ಸೇರಿಸಿ ಮೊದಲೇ ಹೇಳಬಹುದಿತ್ತು ಅಲ್ವಾ? ಎಕ್ಸ್‌ರೇ, ಮೌತ್‌ವಾಶ್, ಬ್ರಷ್ ಎಲ್ಲ ಕೂಡಿ ನನಗೆ ಬಿದ್ದದ್ದು 6,350 ರೂಪಾಯಿ, ಬಸ್ ಚಾರ್ಜ್ ಬಿಟ್ಟು. ಮತ್ತೆ ಅದೇ ಕೂಗು, ಅದೇ ಬರವಣಿಗೆ. ಈ ಸಲ ಕಿವಿ ಕೊಟ್ಟು ಕೇಳಿದೆ. ‘ಎರಡು, ಎರಡು, ಮೂರು. ಮೂರು, ಎರಡು, ಮೂರು.’ ನಾಲ್ಕು ಮತ್ತು ಮೇಲಿನದು 71ರಿಂದ 24ಕ್ಕೆ ಇಳಿದಿತ್ತು. ಏಳಿದ್ದದ್ದು ಐದು. ಅಲ್ಲಾಡುತ್ತಿದ್ದ ಹಲ್ಲು ಸ್ವಲ್ಪ ಗಟ್ಟಿ.

ಅಕ್ಟೋಬರ್ ಕೊನೆಯಲ್ಲಿ ಮೂರು ತಿಂಗಳ ಶುಗರ್ 7.9. ಮಾತ್ರೆ ಅದೇ, ಡೋಸ್ ಅದೇ. ಈ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣದೊಳಗೆ ಅಂಟಿದ ಸಕ್ಕರೆಯನ್ನು. ಆ ಕಣದ ಆಯಸ್ಸು ಸುಮಾರು 120 ದಿನ, ಅದಕ್ಕೇ ಇಷ್ಟು ದಿನ ಕಾಯಬೇಕು, ತಿಂಗಳಿಗೇ ಹೋಗಿ ಪರೀಕ್ಷೆ ಮಾಡಿಸಿ ನಿರಾಸೆ ಆಗಬೇಡಿ. ಆ 0.7 ಪೂರ್ತಿ ವಸಡಿಗೆ ಬರೆದರೆ ಸುಳ್ಳು ಲೆಕ್ಕ ಬರೆದ ಹಾಗೆ. ಈ ನಡುವೆ ಬೆಳಗಿನ ಬೆಲ್ಲದ ಕಾಫಿಗೆ ಬೆಲ್ಲ ಅರ್ಧ ಮಾಡಿದ್ದೆ. ರೈಟರ್ ಕೆಲಸದಲ್ಲಿ ಯಾರ ಬುಟ್ಟಿಯ ತೂಕ ಯಾರ ಹೆಸರಿಗೂ ಏರಿಸಬಾರದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಜನರೇಟರ್‌ಗೂ ಮುಚ್ಚಿಟ್ಟ ಐನೂರಕ್ಕೂ. ನೀವು ಯಾವುದೇ ಕ್ಲಿನಿಕ್‌ಗೆ ಹೋದರೂ ಆ ಗೆರೆ ಇರುವ ಕಡ್ಡಿ ಹಿಡಿದು ಅಂಕಿ ಕೂಗುತ್ತಾರಾ ನೋಡಿ. ಕೂಗದಿದ್ದರೆ ನಿಮ್ಮ ಹಲ್ಲು ಬಿಳಿ ಮಾಡಿ ಕಳಿಸುತ್ತಾರೆ, ಅಷ್ಟೆ. ಶುಗರ್ ಇದ್ದರೆ ಕೇಳದಿದ್ದರೂ ನೀವೇ ಹೇಳಿ.

ಹೆಂಡತಿಗೆ ಶುಗರ್ ಇಲ್ಲ, ಬಾರ್ಡರ್‌ನಲ್ಲಿದೆ, 6.1. ನನ್ನ ಜೊತೆ ಒಂದು ಸಲ ಬಂದವಳನ್ನು ಮೇಡಂ ಸುಮ್ನೆ ಕುರ್ಚಿ ಹತ್ತಿಸಿ ಅಳೆದರು. ನಾಲ್ಕು ಮತ್ತು ಮೇಲೆ ಇದ್ದದ್ದು 19 ಕಡೆ. ‘ನಿಮ್ಮದಕ್ಕಿಂತ ಕಡಿಮೆಯೇ’ ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ನನ್ನ ಮುಂದಿನ ಅಳತೆ ಜನವರಿಯಲ್ಲಿ, ರೋಬಸ್ಟಾ ಕೊಯ್ಲು ಜೋರಿರುವ ಹೊತ್ತು. ಸಂಜೆ ತೂಕಕ್ಕೆ ಯಾರನ್ನು ನಿಲ್ಲಿಸಿ ಹೋಗಲಿ ಅಂತ ಈಗಲೇ ಯೋಚನೆ.